ಕಲ್ಲಿನ ಗುಣವನ್ನರಿತ ಜಮ್‌ಶೇಟ್‌ಜಿ ಟಾಟಾ

ಮುಂಬಾದೇವಿಯ ಗುಡಿಯಿಂದ ಪಾಯಧುನಿಯ ಕಡೆಗೆ ನಡೆದರೆ ತಾಂಬಾಕಾಟಾ ಎಂಬ ಬೀದಿ ಸಿಗುತ್ತದೆ. ತಾಮ್ರದ ತಕ್ಕಡಿ ಎಂಬುದು ಆ ಹೆಸರಿನ ಅರ್ಥ. ಹಂಡೆ, ಕೊಡ, ತಂಬಿಗೆ, ಪಂಚಪಾತ್ರೆಗಳು ಅಲ್ಲಿ ಇಂದಿಗೂ ಅಂಗಡಿಗಳ ಮುಂದೆ ಸಾಲುಗಟ್ಟಿ ಹೊಳೆಯುತ್ತವೆ. ಕಳೆದ ವರ್ಷ ದೀಪಾವಳಿಯ ರಜೆಗೆ ಮೊದಲು ನಾವು ಏಳನೆಯ ತರಗತಿಯ ಮಕ್ಕಳನ್ನು ಆ ಬೀದಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವಾಯಿತು. ತಾಮ್ರವಿರುವ ಕಲ್ಲು ಭೂಮಿಯಲ್ಲಿ ಸಿಕ್ಕಿದ ಮೇಲೆ ಅದನ್ನು ಕರಗಿಸಿ ಹಂಡೆ ಮಾಡಬಹುದಷ್ಟೆ, ಹಾಗಾದರೆ ತಾಮ್ರಕ್ಕೆ ಇಷ್ಟೊಂದು ಬೆಲೆ ಏಕೆ ಎಂದು ಅವಳು ಕೇಳಿದಳು. ಅಂಗಡಿಯ ಸೇಠರು ನಕ್ಕರು. ನಾವೂ ನಕ್ಕೆವು, ಆದರೆ ತಕ್ಕ ಉತ್ತರವನ್ನು ಕೊಡಲಾರದೆ ಹೋದೆವು. ನಾವು ಓದಿದುದು ಕನ್ನಡ ಮಾಧ್ಯಮದಲ್ಲಿ, ಮೆಟ್ರಿಕ್ಕಿನ ತನಕ. ಊರು ಬಿಟ್ಟು ಈ ನಗರಕ್ಕೆ ಬಂದು ಕಲಿಸುತ್ತಿರುವುದು ಹಳೆಗನ್ನಡ ಹೊಸಗನ್ನಡಗಳನ್ನು. ಲೋಹಶಾಸ್ತ್ರವು ನಮ್ಮ ವಿಷಯವಲ್ಲ. ಆದರೂ ಮಗುವಿನ ಪ್ರಶ್ನೆಯನ್ನು ಹಾಗೆಯೇ ಬಿಡಲು ಮನಸ್ಸು ಒಪ್ಪದೆ, ಸಿಕ್ಕ ಗ್ರಂಥಗಳನ್ನು ಓದಿದೆವು.

ಓದಿ ತಿಳಿದ ಸಂಗತಿ ಇಷ್ಟು. ತಾಮ್ರದ ಅದಿರು ಒಂದೇ ಬಗೆಯದಲ್ಲ. ಮಳೆಗಾಳಿಗಳ ಸೋಂಕು ತಗಲಿದ ಮೇಲ್ಪದರದಲ್ಲಿ ತಾಮ್ರವು ಹಸುರು ಬಣ್ಣದ ಮ್ಯಾಲಕೈಟ್ ಎಂಬ ಖನಿಜದ ರೂಪದಲ್ಲಿರುವುದುಂಟು. ಆಳಕ್ಕೆ ಇಳಿದಂತೆ ಅದು ಗಂಧಕ ಮತ್ತು ಕಬ್ಬಿಣಗಳೊಡನೆ ಕೂಡಿ, ಹಿತ್ತಾಳೆಯ ಬಣ್ಣದ ಚಾಲ್ಕೊಪೈರೈಟ್ ಆಗಿ ದೊರೆಯುತ್ತದೆ. ಶುದ್ಧವಾದ ಮ್ಯಾಲಕೈಟಿನಲ್ಲಿ ನೂರಕ್ಕೆ 57 ಪಾಲು ತಾಮ್ರ. ಚಾಲ್ಕೊಪೈರೈಟಿನಲ್ಲಿ 34 ಪಾಲು ಮಾತ್ರ. ಹಸುರು ಕಲ್ಲೇ ಮೇಲೆಂದು ಯಾರಿಗಾದರೂ ತೋರೀತು. ಪ್ರಾಚೀನರಿಗೆ ಅದು ಮೇಲೇ ಆಗಿತ್ತು. ಇದ್ದಿಲಿನೊಡನೆ ಕಾಯಿಸಿದರೆ ಅದರಿಂದ ತಾಮ್ರವು ಸುಲಭವಾಗಿ ಇಳಿಯುತ್ತಿತ್ತು. ಆದರೆ ಇಂದಿನ ಗಣಿಗಳಲ್ಲಿ ಖನಿಜವು ಗಡ್ಡೆಗಟ್ಟಿ ಸಿಗುವುದು ಅಪೂರ್ವ. ನೂರು ಮಣ ಕಲ್ಲಿನಲ್ಲಿ ಒಂದು ಮಣ ತಾಮ್ರವಿದ್ದರೆ ಅದನ್ನೇ ಭಾಗ್ಯವೆನ್ನಬೇಕು. ಅಂಥ ಕಲ್ಲನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕದಡಿ, ಕೆಲವು ರಾಸಾಯನಿಕ ದ್ರವ್ಯಗಳನ್ನು ಬೆರೆಸಿ, ಗಾಳಿಯೂದಿ ನೊರೆಯೆಬ್ಬಿಸುತ್ತಾರೆ. ಗಂಧಕದೊಡನೆ ಕೂಡಿದ ತಾಮ್ರದ ಕಣಗಳು ನೊರೆಗೆ ಅಂಟಿ ಮೇಲೇಳುತ್ತವೆ. ಮೊಸರು ಕಡೆದು ಬೆಣ್ಣೆಯನ್ನು ಎತ್ತಿದಂತೆ ಅವನ್ನು ಎತ್ತಿಕೊಳ್ಳಬಹುದು. ಹಸುರು ಖನಿಜವಾದರೋ ಆ ನೊರೆಗೆ ಸುಲಭವಾಗಿ ಒಲಿಯದು. ಮರಳಿನೊಡನೆ ತಳದಲ್ಲಿಯೇ ಉಳಿದು ಹೊರಗೆ ಹರಿದುಹೋಗುತ್ತದೆ. ಅದನ್ನು ಆಮ್ಲದಲ್ಲಿ ಕರಗಿಸುವ ಬೇರೆ ಮಾರ್ಗವಿದೆ. ಆದರೆ ಸುಣ್ಣದ ಕಲ್ಲು ಜೊತೆಯಲ್ಲಿ ಬೆರೆತಿದ್ದರೆ ಆಮ್ಲವನ್ನೆಲ್ಲ ಸುಣ್ಣವೇ ಕುಡಿದುಬಿಡುತ್ತದೆ. ಇನ್ನು ಕಣಗಳು ಬೆಣಚುಕಲ್ಲಿನೊಳಗೆ ಅತಿಸೂಕ್ಷ್ಮವಾಗಿ ಹುದುಗಿದ್ದರೆ ಅರೆಯುವ ವೆಚ್ಚವೇ ತಾಮ್ರದ ಬೆಲೆಯನ್ನು ನುಂಗೀತು. ಆದುದರಿಂದ ಎರಡು ಗುಡ್ಡಗಳಲ್ಲಿ ತಾಮ್ರದ ಪ್ರಮಾಣವು ಒಂದೇ ಆಗಿದ್ದರೂ, ಒಂದರಿಂದ ಹತ್ತರಲ್ಲಿ ಒಂಬತ್ತು ಪಾಲು ಲೋಹವು ಕೈಸೇರೀತು, ಇನ್ನೊಂದರಿಂದ ಅರ್ಧವೂ ಬಾರದೆ ಹೋದೀತು. ಕಲ್ಲಿನಲ್ಲಿ ಲೋಹವೆಷ್ಟಿದೆ ಎಂಬುದೊಂದು ಪ್ರಶ್ನೆ. ಅದು ಯಾವುದರೊಡನೆ, ಹೇಗೆ ಕೂಡಿಕೊಂಡಿದೆ ಎಂಬುದು ಬೇರೆಯೇ ಪ್ರಶ್ನೆ.

ಈ ಎರಡನೆಯ ಪ್ರಶ್ನೆಗಾಗಿ ತಮ್ಮ ಆಯುಸ್ಸಿನ ಇಪ್ಪತ್ತೆರಡು ವರ್ಷಗಳನ್ನು ಕೊಟ್ಟ ಮಹನೀಯರೊಬ್ಬರು ನಮ್ಮ ಮುಂಬಯಿಯಲ್ಲಿಯೇ ಬಾಳಿದರು. ಅವರ ಹೆಸರನ್ನು ಅರಿಯದ ಮಕ್ಕಳಿಲ್ಲ. ಅವರು ಅರಸಿದುದು ತಾಮ್ರವನ್ನಲ್ಲ, ಕಬ್ಬಿಣವನ್ನು. ಆದರೆ ಎದುರಾದ ಕಷ್ಟವು ಅದೇ ಜಾತಿಯದು. ತಾಜಮಹಲ್ ಹೋಟೆಲನ್ನು ಕಟ್ಟಿಸಿದವರೆಂದೂ ಹತ್ತಿಯ ಗಿರಣಿಗಳ ಒಡೆಯರೆಂದೂ ಜಮ್‌ಶೇಟ್‌ಜಿ ಟಾಟಾ ಅವರನ್ನು ಎಲ್ಲರೂ ಬಲ್ಲರು. ಕಲ್ಲಿನ ಪರೀಕ್ಷಕರಾಗಿ ಅವರನ್ನು ಬಲ್ಲವರು ಕಡಮೆ.

ಜಮ್‌ಶೇಟ್‌ಜಿ ನಸರ್ವಾನ್‌ಜಿ ಟಾಟಾ ಅವರು ಹುಟ್ಟಿದುದು ಗುಜರಾತಿನ ನವಸಾರಿಯಲ್ಲಿ, 1839ನೆಯ ಇಸವಿ ಮಾರ್ಚ್ 3ರಂದು. ಅವರದು ಪಾರಸೀ ಪುರೋಹಿತರ ಮನೆತನ. ತಂದೆ ನಸರ್ವಾನ್‌ಜಿಯವರು ವಂಶದ ವೃತ್ತಿಯನ್ನು ಬಿಟ್ಟು ಮುಂಬಯಿಗೆ ಬಂದು ವ್ಯಾಪಾರಕ್ಕೆ ತೊಡಗಿದವರು. ಹೊಟ್ಟೆಯ ಪಾಡಿಗೆ ಊರು ಬಿಟ್ಟು ಈ ನಗರವನ್ನು ಸೇರಿದವರಲ್ಲಿ ನಾವು ಕನ್ನಡಿಗರೇ ಮೊದಲಿಗರಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. ಬಾಲಕ ಜಮ್‌ಶೇಟ್‌ಜಿ ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ತಂದೆಯ ಬಳಿಗೆ ಬಂದು, ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಕಲಿತು, 1858ರಲ್ಲಿ ವ್ಯಾಸಂಗವನ್ನು ಮುಗಿಸಿದರು. ಮರುವರ್ಷ ವ್ಯಾಪಾರಕ್ಕಾಗಿ ಹಾಂಗ್‌ಕಾಂಗಿಗೆ ತೆರಳಿದರು.

ಮುಂದೆ ಬಂದುದು ಹತ್ತಿಯ ಮಹಾಪೂರ. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಆ ದೇಶದ ಹತ್ತಿ ನಿಂತುಹೋದಾಗ ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು. 1865ರಲ್ಲಿ ಯುದ್ಧವು ನಿಂತೊಡನೆ ಆ ಬೆಲೆ ಕುಸಿದು, ಅನೇಕ ವ್ಯಾಪಾರಿಗಳು ನೆಲಕಚ್ಚಿದರು. ಆಗ ಲಂಡನ್ನಿನಲ್ಲಿದ್ದ ತರುಣ ಜಮ್‌ಶೇಟ್‌ಜಿಯವರ ಕೈಯಲ್ಲಿದ್ದ ಹುಂಡಿಗಳು ಬರಿಯ ಕಾಗದವಾದುವು. ಸಾಲಗಾರರಿಂದ ತಲೆಮರೆಸಿಕೊಳ್ಳದೆ, ಅವರೆದುರು ನಿಂತು, ಇದ್ದುದನ್ನು ಇದ್ದಂತೆ ತಿಳಿಸಿ ಹೆಸರನ್ನು ಉಳಿಸಿಕೊಂಡರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. 1868ರಲ್ಲಿ 21,000 ರೂಪಾಯಿಗಳ ಬಂಡವಾಳದಿಂದ ತಮ್ಮದೇ ವ್ಯಾಪಾರವನ್ನು ಆರಂಭಿಸಿದರು.

ಅವರ ಗಿರಣಿಗಳ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಚಿಂಚಪೋಕಳಿಯಲ್ಲಿ ಹಾಳುಬಿದ್ದ ಎಣ್ಣೆಯ ಗಿರಣಿಯೊಂದನ್ನು ಕೊಂಡು ಹತ್ತಿಯ ಗಿರಣಿಯಾಗಿ ಮಾರ್ಪಡಿಸಿ, ಲಾಭಕ್ಕೆ ಮಾರಿದರು. ಬಳಿಕ ಮುಂಬಯಿಯ ಧನಿಕರೆಲ್ಲ ಹುಬ್ಬೇರಿಸುವಂತೆ ದೂರದ ನಾಗಪುರದಲ್ಲಿ ಎಂಪ್ರೆಸ್ ಗಿರಣಿಯನ್ನು ಕಟ್ಟಿದರು. ಅದು 1877ನೆಯ ಜನವರಿ 1ರಂದು ಆರಂಭವಾಯಿತು. ಹತ್ತಿ ಬೆಳೆಯುವ ನೆಲ, ರೈಲು, ನೀರು, ಉರುವಲು ಇವೆಲ್ಲ ಹತ್ತಿರವಿರುವ ಕಡೆಯಲ್ಲಿ ಗಿರಣಿ ಇರಬೇಕೆಂಬುದು ಅವರ ಲೆಕ್ಕಾಚಾರ. 1886ರಲ್ಲಿ ಕುರ್ಲಾದಲ್ಲಿ ಧರಮಸಿ ಗಿರಣಿಯನ್ನು ಅಗ್ಗದ ಬೆಲೆಗೆ ಕೊಂಡು ಸ್ವದೇಶಿ ಮಿಲ್ ಎಂಬ ಹೊಸ ಹೆಸರನ್ನಿಟ್ಟಾಗ ಮಾತ್ರ ಅವರ ಎಣಿಕೆ ತಪ್ಪಿತು. ಯಂತ್ರಗಳು ಕೆಟ್ಟು ಕೂತಿದ್ದುವು, ನೂಲು ಕಳಪೆಯಾಯಿತು. ಆ ಗಿರಣಿಯನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಅವರು ತಮ್ಮ ಸ್ವಂತ ಷೇರುಗಳನ್ನು ಪಣಕ್ಕೆ ಒಡ್ಡಬೇಕಾಯಿತು. ಕುರ್ಲಾ, ಚುನಾಭಟ್ಟಿಗಳಿಂದ ನಮ್ಮ ಶಾಲೆಗೆ ಬರುವ ಮಕ್ಕಳ ಅಜ್ಜಂದಿರಲ್ಲಿ ಆ ಮಿಲ್ಲಿನ ಭೋಂಗಾ ಕೇಳಿ ಎದ್ದವರಿದ್ದಾರೆ. ಮಿಲ್ಲು ಈಗ ಇಲ್ಲ.

ಹತ್ತಿಯ ವಿಷಯದಲ್ಲಿಯೂ ಅವರ ದೃಷ್ಟಿ ಎಳೆಯ ಗುಣದ ಮೇಲೆ ಇದ್ದಿತೆಂಬುದನ್ನು ಗಮನಿಸಬೇಕು. ನಮ್ಮ ನಾಡಿನ ಗಿಡ್ಡ ಎಳೆಯ ಹತ್ತಿಯಿಂದ ನಯವಾದ ನೂಲು ಬಾರದೆಂದು ಕಂಡು, ಈಜಿಪ್ಟಿನ ನೀಳ ಎಳೆಯ ಹತ್ತಿಯನ್ನು ಇಲ್ಲಿ ಬೆಳೆಸುವ ಪ್ರಯೋಗಗಳನ್ನು ನಡೆಸಿದರು. ಒಳ್ಳೆಯ ಯಂತ್ರವಿದ್ದರೂ ಎಳೆಯಲ್ಲಿ ಇಲ್ಲದ ಗುಣವನ್ನು ಅದು ನೂಲಿಗೆ ತರಲಾರದು.

ಇನ್ನು ಕಬ್ಬಿಣದ ವಿಚಾರ. ನಾಗಪುರದ ಗಿರಣಿಯಿಂದಾಗಿ ಮಧ್ಯಪ್ರಾಂತದೊಡನೆ ಅವರ ನಂಟು ಬೆಳೆದಿತ್ತು. 1882ರಲ್ಲಿ ರಿಟರ್ ಫಾನ್ ಶ್ವಾರ್ಟ್ಸ್ ಎಂಬ ಜರ್ಮನ್ ಹೆಸರಿನ ತಜ್ಞರು ಅಲ್ಲಿನ ಚಾಂದಾ ಜಿಲ್ಲೆಯ ಕಬ್ಬಿಣದ ಬಗೆಗೆ ಬರೆದ ವರದಿಯೊಂದು ಅವರ ಕೈಗೆ ಬಂದಿತು. ಇಂದು ಚಂದ್ರಪುರವೆಂದು ನಮ್ಮ ಮಹಾರಾಷ್ಟ್ರದ ಭೂಪಟದಲ್ಲಿ ಕಾಣುವ ಊರೇ ಆಗಿನ ಚಾಂದಾ. ಆ ಜಿಲ್ಲೆಯ ಲೋಹಾರಾ ಎಂಬಲ್ಲಿ ಉತ್ತಮ ಜಾತಿಯ ಕಬ್ಬಿಣದ ಅದಿರಿನ ಗುಡ್ಡವಿತ್ತು. ಹೆಚ್ಚು ದೂರವಿಲ್ಲದ ವರೋರಾದಲ್ಲಿ ಕಲ್ಲಿದ್ದಲಿನ ಗಣಿಯಿತ್ತು. ಅಲ್ಲಿಯ ತನಕ ರೈಲೂ ಬಂದಿತ್ತು. ಅದಿರು, ಇದ್ದಿಲು, ಹಾದಿ ಮೂರೂ ಒಂದೆಡೆ ಕೂಡಿದ ಮೇಲೆ ಕಾರ್ಖಾನೆಗೆ ಇನ್ನೇನು ಬೇಕು? ನಮ್ಮ ವಿದ್ಯಾರ್ಥಿನಿಯೂ ಇದನ್ನೇ ಕೇಳುತ್ತಿದ್ದಳು. ಬೇರೊಬ್ಬ ಸಾಹುಕಾರನಾಗಿದ್ದರೆ ಅಡಿಗಲ್ಲನ್ನು ಇಟ್ಟೇಬಿಡುತ್ತಿದ್ದನು.

ಜಮ್‌ಶೇಟ್‌ಜಿಯವರಾದರೋ ವರೋರಾದ ಕಲ್ಲಿದ್ದಲನ್ನು ಪರೀಕ್ಷೆಗಾಗಿ ಜರ್ಮನಿಗೆ ಸಾಗಿಸಿದರು. ಅದು ಕಬ್ಬಿಣದ ಕೆಲಸಕ್ಕೆ ತಕ್ಕುದಲ್ಲವೆಂದು ಅಲ್ಲಿಂದ ಉತ್ತರ ಬಂದಿತು.

ಕಲ್ಲಿದ್ದಲಿಗೂ ಕಬ್ಬಿಣದ ಅದಿರಿಗೂ ಇರುವ ಈ ಸಂಬಂಧವನ್ನು ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಬ್ಬಿಣದ ಉತ್ತಮ ಅದಿರಾದ ಹೆಮಟೈಟಿನಲ್ಲಿ, ಅದು ಪೂರ್ಣ ಶುದ್ಧವಾಗಿದ್ದರೆ, ನೂರಕ್ಕೆ 70 ಪಾಲು ಕಬ್ಬಿಣ, ಉಳಿದುದೆಲ್ಲ ಆಮ್ಲಜನಕ. ಆ ಆಮ್ಲಜನಕವನ್ನು ಬಿಡಿಸಿ ತೆಗೆಯುವುದೇ ಕುಲುಮೆಯ ಕೆಲಸ. ಎತ್ತರವಾದ ಊದುಕುಲುಮೆಯಲ್ಲಿ ಅದಿರು, ಸುಣ್ಣಕಲ್ಲು, ಕೋಕ್ ಇವನ್ನು ಪದರಪದರವಾಗಿ ತುಂಬಿ ಕೆಳಗಿನಿಂದ ಬಿಸಿಗಾಳಿಯನ್ನು ಊದುತ್ತಾರೆ. ಕಲ್ಲಿದ್ದಲನ್ನು ಗಾಳಿಯಾಡದ ಗೂಡಿನಲ್ಲಿ ಸುಟ್ಟು ಮಾಡಿದ ಗಟ್ಟಿಯಾದ, ರಂಧ್ರಗಳುಳ್ಳ ಇದ್ದಿಲೇ ಕೋಕ್. ಅದು ಉರಿದು ಶಾಖವನ್ನು ಕೊಡುತ್ತದೆ; ಅದಿರಿನ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ; ಅಷ್ಟೇ ಅಲ್ಲದೆ ಮೇಲಿನ ಅದಿರಿನ ಭಾರವನ್ನೆಲ್ಲ ಹೊತ್ತು, ಗಾಳಿಗೆ ಹಾದಿಯನ್ನು ಬಿಟ್ಟುಕೊಡುತ್ತದೆ. ಎಲ್ಲ ಕಲ್ಲಿದ್ದಲೂ ಹೀಗೆ ಗಟ್ಟಿಗೊಳ್ಳುವುದಿಲ್ಲ. ಕೆಲವು ಜಾತಿಯವು ಪುಡಿಪುಡಿಯಾಗಿ ಕುಲುಮೆಯ ಉಸಿರನ್ನೇ ಕಟ್ಟಿಬಿಡುತ್ತವೆ. ರೈಲಿನ ಎಂಜಿನ್ನಿಗೂ ಗಿರಣಿಯ ಬಾಯ್ಲರಿಗೂ ಒದಗುವ ಕಲ್ಲಿದ್ದಲು ಊದುಕುಲುಮೆಗೂ ಒದಗಬೇಕೆಂಬ ನಿಯಮವಿಲ್ಲ.

ಅದಿರಿನ ಒಳಗುಣವೂ ಹಾಗೆಯೇ. ಅದರಲ್ಲಿ ರಂಜಕವು ತುಸು ಹೆಚ್ಚಾಗಿದ್ದರೆ ಉಕ್ಕು ಚಳಿಗೆ ಬಿರಿಯುತ್ತದೆ. ಹಳೆಯ ಬೆಸ್ಸೆಮರ್ ಪದ್ಧತಿಯಲ್ಲಿ ಅದನ್ನು ತೆಗೆಯುವ ಉಪಾಯವಿರಲಿಲ್ಲ. ಕುಲುಮೆಯ ಒಳಮೈಗೆ ಸುಣ್ಣದ ಗುಣವುಳ್ಳ ಕಲ್ಲನ್ನು ಹೊದಿಸಿ ರಂಜಕವನ್ನು ಕಿಟ್ಟದೊಳಕ್ಕೆ ಎಳೆಯುವ ಉಪಾಯವು ಇಂಗ್ಲೆಂಡಿನಲ್ಲಿ ಬಂದುದು 1879ರ ಸುಮಾರಿಗೆ. ಅದಿರಿನಲ್ಲಿ ಅಲ್ಯುಮಿನ ಹೆಚ್ಚಾಗಿದ್ದರೆ, ನಮ್ಮ ದೇಶದ ಅದಿರುಗಳಲ್ಲಿ ಅದು ಹೆಚ್ಚೇ, ಕಿಟ್ಟವು ಹರಿಯದೆ ಅಂಟಂಟಾಗುತ್ತದೆ. ಹೀಗೆ ಕಲ್ಲಿನ ಜಾತಕವು ಕೂಡಿಬಂದರೆ ಮಾತ್ರ ಕುಲುಮೆಗೆ ಮದುವೆ. ಜಾತಕದ ವಿಷಯದಲ್ಲಿ ನಮಗೆ ಬೇರೆ ಕಡೆ ನಂಬಿಕೆ ಸಾಲದು, ಇಲ್ಲಿ ಮಾತ್ರ ಪೂರ್ಣವಾಗಿ ನಂಬುತ್ತೇವೆ.

ಜರ್ಮನಿಯ ಉತ್ತರದೊಡನೆ ಇನ್ನೊಂದು ಅಡ್ಡಿಯೂ ಸೇರಿತು. ಗಣಿಯ ಪರವಾನಗಿಗೆ ಆಗಿನ ಸರಕಾರವು ಹಾಕಿದ್ದ ಕಟ್ಟಳೆಗಳು ತೀರ ಬಿಗಿಯಾಗಿದ್ದುವು. ಜಮ್‌ಶೇಟ್‌ಜಿಯವರು ಕೆಲಸವನ್ನು ಮುಂದಕ್ಕೆ ಹಾಕಿದರೇ ಹೊರತು ಕೈಬಿಡಲಿಲ್ಲ. ಕಬ್ಬಿಣ, ಕಲ್ಲಿದ್ದಲುಗಳ ಬಗೆಗೆ ಸಿಕ್ಕ ವರದಿಗಳನ್ನೆಲ್ಲ ಕೂಡಿಹಾಕುತ್ತ ಹದಿನೇಳು ವರ್ಷ ಕಾದರು.

ಆ ನಡುವೆ ಮಾಡಿದ ಕೆಲಸಗಳಲ್ಲಿ ಕನ್ನಡಿಗರು ಮರೆಯಬಾರದ ಎರಡಿವೆ. ಜಪಾನಿನ ರೀತಿಯಲ್ಲಿ ರೇಷ್ಮೆಯನ್ನು ಬೆಳೆಸುವ ತೋಟವೊಂದನ್ನು ಬೆಂಗಳೂರಿನಲ್ಲಿ ಮಾಡಿಸಿದರು; ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಬಸವನಗುಡಿಯ ಬಳಿ ಇಂದಿಗೂ ಉಳಿದಿದೆ. ಎರಡನೆಯದು ಇನ್ನೂ ದೊಡ್ಡದು. 1898ರಲ್ಲಿ ಅವರು ಉನ್ನತ ವಿಜ್ಞಾನದ ಸಂಶೋಧನೆಗಾಗಿ ಮುಂಬಯಿಯಲ್ಲಿದ್ದ ತಮ್ಮ ಹದಿನಾಲ್ಕು ಕಟ್ಟಡಗಳನ್ನೂ ನಾಲ್ಕು ಭೂಮಿಗಳನ್ನೂ, ಒಟ್ಟು 30 ಲಕ್ಷ ರೂಪಾಯಿಗಳ ಆಸ್ತಿಯನ್ನು ಎತ್ತಿಟ್ಟರು. ಮೈಸೂರು ಸಂಸ್ಥಾನವು 371 ಎಕರೆ ನೆಲವನ್ನು ಕೊಟ್ಟಿತು. 1909ರಲ್ಲಿ ಸ್ಥಾಪನೆಗೊಂಡ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದೇ. ಮುಂಬಯಿಯ ಬಾಡಿಗೆಯ ಹಣದಿಂದ ಬೆಂಗಳೂರಿನಲ್ಲಿ ವಿದ್ಯೆ ಬೆಳೆಯಿತು ಎಂದು ನಾವು ತರಗತಿಯಲ್ಲಿ ಹೇಳಿದಾಗ ಮಕ್ಕಳ ಮುಖ ಅರಳುತ್ತದೆ.

1899ರಲ್ಲಿ ಎರಡು ಸಂಗತಿಗಳು ಕೂಡಿಬಂದುವು. ಭಾರತದಲ್ಲಿ ಉಕ್ಕಿನ ಕಾರ್ಖಾನೆಗೆ ಕಾಲವು ಬಂದಿದೆಯೆಂದು ಮೇಜರ್ ಮೇಹನ್ ಎಂಬ ಅಧಿಕಾರಿ ವರದಿ ಬರೆದರು. ವೈಸರಾಯ್ ಲಾರ್ಡ್ ಕರ್ಜನ್ನರು ಗಣಿಯ ನಿಯಮಗಳನ್ನು ಸಡಿಲಿಸಿದರು. ಅರುವತ್ತು ತುಂಬಿದ ಜಮ್‌ಶೇಟ್‌ಜಿಯವರು ಹಳೆಯ ಕಾಗದಗಳನ್ನು ಹೊರತೆಗೆದರು. ಲಂಡನ್ನಿಗೆ ಹೋಗಿ ಭಾರತ ಮಂತ್ರಿಗಳಾದ ಲಾರ್ಡ್ ಜಾರ್ಜ್ ಹ್ಯಾಮಿಲ್ಟನ್ನರನ್ನು ಕಂಡರು. 1902ರಲ್ಲಿ ಅಮೆರಿಕವನ್ನು ಸೇರಿ ಅಲಬಾಮದ ಬರ್ಮಿಂಗ್‌ಹ್ಯಾಮ್, ಕ್ಲೀವ್‌ಲೆಂಡ್, ಪಿಟ್ಸ್‌ಬರ್ಗ್ ಮೊದಲಾದ ಕಡೆಗಳಲ್ಲಿ ಕುಲುಮೆಗಳನ್ನೂ ಅದಿರಿನ ರಾಶಿಗಳನ್ನೂ ನೋಡುತ್ತ ಅಲೆದರು. ಪಿಟ್ಸ್‌ಬರ್ಗಿನಲ್ಲಿ ಜೂಲಿಯನ್ ಕೆನಡಿ ಎಂಬ ಹೆಸರಾಂತ ಎಂಜಿನಿಯರರು, ಕಾರ್ಖಾನೆಯನ್ನು ಕಟ್ಟುವ ಮಾತಿಗೆ ಮೊದಲು ನೆಲವನ್ನೂ ಅದಿರನ್ನೂ ಶಾಸ್ತ್ರೀಯವಾಗಿ ಶೋಧಿಸಬೇಕು, ಅದಕ್ಕೆ ಬಹಳ ವೆಚ್ಚವಾದೀತು ಎಂದು ಎಚ್ಚರಿಸಿದರು. ವೆಚ್ಚಕ್ಕೆ ಹೆದರುವವರಾಗಿದ್ದರೆ ಜಮ್‌ಶೇಟ್‌ಜಿಯವರು ಆ ವಯಸ್ಸಿನಲ್ಲಿ ಕಡಲನ್ನು ದಾಟುತ್ತಿರಲಿಲ್ಲ. ಕೆನಡಿಯವರ ಸೂಚನೆಯಂತೆ ನ್ಯೂಯಾರ್ಕಿನ ಚಾರ್ಲ್ಸ್ ಪೇಜ್ ಪೆರಿನ್ ಎಂಬವರನ್ನು ಕಂಡು ಈ ಕಾರ್ಯಕ್ಕೆ ಒಪ್ಪಿಸಿದರು. ಪೆರಿನ್ನರು ತಮಗಿಂತ ಮುಂಚಿತವಾಗಿ ತಮ್ಮ ಪಾಲುಗಾರರಾದ ಭೂಗರ್ಭಶಾಸ್ತ್ರಜ್ಞ ವೆಲ್ಡ್ ಅವರನ್ನು ಭಾರತಕ್ಕೆ ಕಳುಹಿಸಿದರು.

ಜಮ್‌ಶೇಟ್‌ಜಿಯವರ ಹಿರಿಯ ಮಗ ದೊರಾಬ್‌ಜಿ, ಸಂಬಂಧಿಕರಾದ ಶಾಪುರ್‌ಜಿ ಸಕ್ಲಾತವಾಲಾ ಮತ್ತು ವೆಲ್ಡ್ ಈ ಮೂವರು ಚಾಂದಾದ ಕಾಡುಗಳಲ್ಲಿ ಎತ್ತಿನ ಗಾಡಿಯಲ್ಲಿ ತಿರುಗಿದರು. ನೀರಿನ ಕೊರತೆ, ಹುಲಿಗಳ ಭಯ, ಊಟದ ತೊಂದರೆ ಎಲ್ಲವನ್ನೂ ಉಂಡರು. ಕಡೆಗೆ ಲೋಹಾರಾದ ಗುಡ್ಡಕ್ಕೆ ಬಂದು ಅಗೆದು ನೋಡಿದರು. ಅದಿರು ಉತ್ತಮವಾದುದೇ ಸರಿ; ಆದರೆ ಅದು ಅಲ್ಲೊಂದು ಇಲ್ಲೊಂದು ತುಣುಕಾಗಿ ಹರಡಿತ್ತು. ದೊಡ್ಡ ಕುಲುಮೆಯೊಂದನ್ನು ವರ್ಷಾನುಗಟ್ಟಲೆ ಉಣಿಸಲು ಅದು ಸಾಲದು. ಉಣಿಸಿದರೂ ಅದಕ್ಕೆ ಜೋಡಿಯಾಗುವ ಕೋಕ್ ಆ ಸೀಮೆಯಲ್ಲಿಲ್ಲ. ಲೋಹಾರಾವನ್ನು ಬಿಡಬೇಕೆಂದು ವೆಲ್ಡ್ ಹೇಳಿದರು.

ಇಪ್ಪತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡ ಗುಡ್ಡವದು. ಬೇಡವೆಂಬ ಮಾತನ್ನು ನುಂಗುವುದು ಸುಲಭವಾಗಿರಲಾರದು. ಹಣವು ಅವರದಾಗಿತ್ತು, ಹಠ ಹಿಡಿದು ಅಲ್ಲಿಯೇ ಕಟ್ಟಿಸಬಹುದಾಗಿತ್ತು. ಕಟ್ಟಿಸಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಅಂದಿನ ಭಾರತದಲ್ಲಿಯೇ ಸಾಕ್ಷಿಗಳಿದ್ದುವು: ಮದರಾಸು ಪ್ರಾಂತದ ಪೋರ್ಟೋನೋವೊದಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೀತ್ ಎಂಬವರು ಕಟ್ಟಿದ ಕಬ್ಬಿಣದ ಕಾರ್ಖಾನೆಯು ನಷ್ಟಕ್ಕೆ ಸಿಕ್ಕಿ ಮುಳುಗಿತ್ತು. ಟಾಟಾ ತಂದೆಮಕ್ಕಳು ಸತ್ಯವನ್ನೇ ಒಪ್ಪಿಕೊಂಡರು. ಈ ಒಂದು ನಿರ್ಧಾರವನ್ನು ನಾವು ತಾಜಮಹಲ್ ಹೋಟೆಲಿಗಿಂತ ದೊಡ್ಡದೆಂದು ಎಣಿಸುತ್ತೇವೆ.

ಸೋಲಿನ ಸುದ್ದಿಯನ್ನು ಸರಕಾರದ ಅಧಿಕಾರಿಗಳಿಗೆ ತಿಳಿಸಲೆಂದು ದೊರಾಬ್‌ಜಿಯವರು ನಾಗಪುರಕ್ಕೆ ಹೋದರು. ಭೇಟಿಗಾಗಿ ಕಾಯಬೇಕಾಯಿತು. ಹೊತ್ತು ಕಳೆಯಲು ಎದುರಿನ ವಸ್ತುಸಂಗ್ರಹಾಲಯವನ್ನು ಹೊಕ್ಕರು. ಅಲ್ಲಿ ಗೋಡೆಯ ಮೇಲೆ ಬಣ್ಣ ಹಚ್ಚಿದ ಭೂಗರ್ಭದ ನಕ್ಷೆಯೊಂದು ತೂಗುತ್ತಿತ್ತು. ದ್ರುಗ್ ಜಿಲ್ಲೆಯ ಧಲ್ಲಿ ರಾಜಹರಾ ಬೆಟ್ಟಗಳಿದ್ದ ಕಡೆ ಕಬ್ಬಿಣವನ್ನು ಸೂಚಿಸುವ ಗಾಢವಾದ ಬಣ್ಣವಿತ್ತು. ಆ ಪ್ರದೇಶದ ಕಬ್ಬಿಣವನ್ನು ಮೊದಲು ಗುರುತಿಸಿ 1887ರಲ್ಲಿ ಬರೆದವರು ಪ್ರಮಥನಾಥ ಬೋಸ್ ಎಂಬ ಬಂಗಾಳದ ಭೂಗರ್ಭಶಾಸ್ತ್ರಜ್ಞರು. ವೆಲ್ಡರೊಡನೆ ದೊರಾಬ್‌ಜಿಯವರು ಅಲ್ಲಿಗೆ ಧಾವಿಸಿದರು. ಬೆಟ್ಟವನ್ನು ಹತ್ತುವಾಗ ಕಾಲ ಕೆಳಗಿನ ಕಲ್ಲು ಲೋಹದಂತೆ ದನಿಗೊಟ್ಟಿತಂತೆ. ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 67 ಪಾಲು ಕಬ್ಬಿಣವು ಕಂಡಿತು. ಆದರೆ ಅಲ್ಲಿಯೂ ಕೋಕ್ ಆಗುವ ಕಲ್ಲಿದ್ದಲು ಸಮೀಪದಲ್ಲಿಲ್ಲ, ಬೇಕಾದಷ್ಟು ನೀರಿಲ್ಲ. ಇಷ್ಟು ಶ್ರೇಷ್ಠವಾದ ಕಲ್ಲು ಎದುರಿಗಿದ್ದರೂ ಲೋಹವು ಇನ್ನೂ ದೂರವೇ ಉಳಿಯಿತು.

ಅದೇ ಬೋಸರು ಸರಕಾರದ ಸೇವೆಯಲ್ಲಿ ತಮಗಿಂತ ಕಿರಿಯರನ್ನು ಮೇಲಕ್ಕೇರಿಸಿದುದಕ್ಕಾಗಿ ನೊಂದು ಕೆಲಸವನ್ನು ಬಿಟ್ಟು, ಒರಿಸ್ಸಾದ ಮಯೂರಭಂಜ ಸಂಸ್ಥಾನವನ್ನು ಸೇರಿದ್ದರು. ಅಲ್ಲಿನ ಬೆಟ್ಟಗಳಲ್ಲಿ ಅಪಾರವಾದ ಕಬ್ಬಿಣವಿದೆ, ಝರಿಯಾದ ಕಲ್ಲಿದ್ದಲಿಗೆ ಅದು ಹತ್ತಿರವೆಂದು 1904ನೆಯ ಫೆಬ್ರವರಿ 24ರಂದು ಜಮ್‌ಶೇಟ್‌ಜಿಯವರ ಹೆಸರಿಗೆ ಕಾಗದ ಬರೆದರು. ಇಡಿಯ ಕಥೆಯ ಗಂಟು ಬಿಚ್ಚಿದುದು ಆ ಕಾಗದದಿಂದ. ಆದರೆ ಆ ಹೊತ್ತಿಗೆ ಜಮ್‌ಶೇಟ್‌ಜಿಯವರ ಆರೋಗ್ಯವು ಕುಸಿದಿತ್ತು. ಮಾರ್ಚಿಯಲ್ಲಿ ಪತ್ನಿ ಹೀರಾಬಾಯಿಯವರು ತೀರಿಕೊಂಡರು. ಮೇ 19ರಂದು ಜರ್ಮನಿಯ ನೌಹೈಮಿನಲ್ಲಿ ಜಮ್‌ಶೇಟ್‌ಜಿಯವರೂ ಕಣ್ಣುಮುಚ್ಚಿದರು. ವರೋರಾದ ಕಲ್ಲಿದ್ದಲಿಗೆ ಪ್ರತಿಕೂಲವಾದ ಉತ್ತರವು ಬಂದುದೂ ಅದೇ ದೇಶದಿಂದ. ಅವರ ಸಮಾಧಿ ಲಂಡನ್ನಿನ ಸಮೀಪದ ಬ್ರುಕ್‌ವುಡ್ಡಿನಲ್ಲಿದೆ. ಒಂದು ಸೇರು ಕಬ್ಬಿಣವನ್ನೂ ಅವರು ಕಣ್ಣಾರೆ ಕಾಣಲಿಲ್ಲ.

ಪೆರಿನ್ನರೂ ವೆಲ್ಡರೂ ಮಯೂರಭಂಜದ ಗೋರುಮಹಿಸಾನಿ ಬೆಟ್ಟವನ್ನು ಕಂಡರು. ಅಲ್ಲಿ ನೂರಕ್ಕೆ 60ಕ್ಕೂ ಮಿಕ್ಕ ಕಬ್ಬಿಣವುಳ್ಳ ಅದಿರು ಬೆಟ್ಟದ ಮೈಮೇಲೆಯೇ ಚೆಲ್ಲಿತ್ತು. ಅರೆದು ತೊಳೆಯುವ ಕೆಲಸವಿಲ್ಲದೆ ನೇರವಾಗಿ ಕುಲುಮೆಗೆ ಹಾಕಬಹುದಾದ ಅದಿರು ಅದು. ಕೋಕ್ ಕೊಡುವ ಝರಿಯಾದ ಕಲ್ಲಿದ್ದಲು ರೈಲಿನ ಹಾದಿಯಲ್ಲಿತ್ತು. ಸುಬರ್ಣರೇಖಾ, ಖರಕಾಯಿ ನದಿಗಳು ಕೂಡುವ ಸಾಕ್ಚಿ ಎಂಬ ಹಳ್ಳಿಯ ಬಳಿ ನೀರೂ ಇದ್ದಿತು.

ಇನ್ನು ಬೇಕಾದುದು ಹಣ. ಲಂಡನ್ನಿನ ಸಾಹುಕಾರರು ಕೊಡಲಿಲ್ಲ. 1907ರ ಆಗಸ್ಟಿನಲ್ಲಿ ಕಂಪನಿಯನ್ನು ಮುಂಬಯಿಯಲ್ಲಿ ನೋಂದಾಯಿಸಿ, ಸ್ವದೇಶದ ಜನರನ್ನೇ ಕೇಳಿದರು. ಕೋಟೆಯ ಭಾಗದಲ್ಲಿದ್ದ ಟಾಟಾ ಕಚೇರಿಯ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ಜನರ ಗುಂಪು ನೆರೆಯುತ್ತಿತ್ತೆಂದು ಕಂಡವರು ಬರೆದಿದ್ದಾರೆ. ಮೂರು ವಾರಗಳಲ್ಲಿ ಸುಮಾರು 8,000 ಭಾರತೀಯರು ಬೇಕಾದ ಬಂಡವಾಳವನ್ನೆಲ್ಲ ತಂದು ಸುರಿದರು. ಸಣ್ಣಪುಟ್ಟ ಉಳಿತಾಯದ ಹಣವೂ ಅದರಲ್ಲಿತ್ತು. ಲೋಹಾರಾದಲ್ಲಿ ಅವಸರಪಟ್ಟಿದ್ದರೆ ಮುಳುಗುತ್ತಿದ್ದುದು ಇಂಥವರ ಹಣವೇ ಅಲ್ಲವೆ? ಟಾಟಾ ಅವರು ಮಾಡುವ ಹಳಿಗಳನ್ನೆಲ್ಲ ತಾವು ತಿಂದುಬಿಡುವುದಾಗಿ ರೈಲ್ವೆಯ ದೊಡ್ಡ ಅಧಿಕಾರಿಯೊಬ್ಬರು ಹಾಸ್ಯ ಮಾಡಿದ್ದರಂತೆ. 1911ರ ಡಿಸೆಂಬರಿನಲ್ಲಿ ಮೊದಲನೆಯ ಊದುಕುಲುಮೆ ಹೊತ್ತಿತು. 1912ನೆಯ ಫೆಬ್ರವರಿ 16ರಂದು ಉಕ್ಕಿನ ಮೊದಲನೆಯ ಗಟ್ಟಿ ಹೊರಬಂದಿತು. ರಂಜಕವನ್ನು ಕಳೆಯುವ ಸುಣ್ಣದ ಒಳಮೈಯ ಕುಲುಮೆಗಳನ್ನೇ ಅಲ್ಲಿ ಕಟ್ಟಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಆ ಹಳಿಗಳು ಮೆಸೊಪೊಟೇಮಿಯದವರೆಗೆ ಹೋದುವು. 1919ರಲ್ಲಿ ಸಾಕ್ಚಿಗೆ ಜಮ್‌ಶೇಡ್‌ಪುರವೆಂಬ ಹೆಸರು ಬಂದಿತು.

ಅದೇ ಸಿಂಗಭೂಮ್ ಸೀಮೆಯಲ್ಲಿ ತಾಮ್ರದ ಉದ್ದನೆಯ ಪಟ್ಟಿಯೊಂದಿದೆಯೆಂಬುದನ್ನು ತಾಂಬಾಕಾಟಾದ ಪ್ರಶ್ನೆಯ ಸಲುವಾಗಿ ಇಲ್ಲಿ ಹೇಳಬೇಕು. ಅಲ್ಲಿ ಪ್ರಾಚೀನರು ತೋಡಿದ ಗುಂಡಿಗಳಿವೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಒಂದರ ಹಿಂದೆ ಒಂದು ಕಂಪನಿ ಬಂದು ಕೈಸುಟ್ಟುಕೊಂಡಿತು. ಆ ಬಂಡೆಯಲ್ಲಿ ತಾಮ್ರವು ಚಾಲ್ಕೊಪೈರೈಟಿನ ಸಣ್ಣ ಕಣಗಳಾಗಿ, ನೂರಕ್ಕೆ ಒಂದೆರಡು ಪಾಲಿನಂತೆ ಚೆದುರಿದೆ. ಕಬ್ಬಿಣದ ಅದಿರಿನಂತೆ ಕಲ್ಲನ್ನೇ ಕುಲುಮೆಗೆ ಹಾಕುವಂತಿಲ್ಲ. ಮೇಲೆ ಹೇಳಿದ ನೊರೆಯ ಪದ್ಧತಿಯು ಬಳಕೆಗೆ ಬಂದ ಮೇಲೆ, ಘಾಟಶಿಲೆಯ ಬಳಿ ಮೌಭಂಡಾರದಲ್ಲಿ 1930ರ ಸುಮಾರಿಗೆ ಅಲ್ಲಿನ ತಾಮ್ರವು ನೆಲೆಯಾಗಿ ಇಳಿಯತೊಡಗಿತು. ಕಲ್ಲು ಬದಲಾಗಲಿಲ್ಲ, ಕಲ್ಲಿಗೆ ತಕ್ಕ ಕೈ ಬಂದಿತು. ಧಲ್ಲಿ ರಾಜಹರಾದ ಕಬ್ಬಿಣಕ್ಕೂ ಹೀಗೆಯೇ ಕಾಲವು ಕೂಡಿ, 1959ರಿಂದ ಭಿಲಾಯಿಯ ಕುಲುಮೆಗಳಿಗೆ ಅದು ಆಹಾರವಾಯಿತು.

ನಮ್ಮ ಕನ್ನಡನಾಡಿನಲ್ಲಿಯೂ ಇದರ ಎರಡು ಮುಖಗಳನ್ನು ನೋಡಬಹುದು. ಕುದುರೆಮುಖದ ಬೆಟ್ಟದಲ್ಲಿದ್ದುದು ಮ್ಯಾಗ್ನೆಟೈಟ್. ಆ ಬಂಡೆಯಲ್ಲಿ ಕಬ್ಬಿಣವು ಮೂರನೆಯ ಒಂದು ಪಾಲಿನಷ್ಟೇ. ಆದರೆ ಆ ಖನಿಜವನ್ನು ಅಯಸ್ಕಾಂತವು ಸೆಳೆಯುವುದರಿಂದ, ಬಂಡೆಯನ್ನು ನುಣ್ಣಗೆ ಅರೆದು ಕಬ್ಬಿಣದ ಕಣಗಳನ್ನು ಬೇರ್ಪಡಿಸಿ, ನೀರಿನೊಡನೆ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸುತ್ತಿದ್ದರು. ಕಾಡಿನ ಹಾಗೂ ಭದ್ರಾ ನದಿಯ ರಕ್ಷಣೆಗಾಗಿ 2005ರ ಕೊನೆಯಲ್ಲಿ ಆ ಗಣಿಯನ್ನು ನಿಲ್ಲಿಸಲಾಯಿತು. ಕೆಮ್ಮಣ್ಣುಗುಂಡಿಯದಾದರೋ ಕುಲುಮೆಗೆ ನೇರವಾಗಿ ಒದಗುವ ಅದಿರು. ಅದನ್ನು ನಂಬಿ ಮೈಸೂರು ಸಂಸ್ಥಾನವು ಭದ್ರಾವತಿಯಲ್ಲಿ ಕಾರ್ಖಾನೆಯನ್ನು ಯೋಜಿಸಿದಾಗ ಸಲಹೆಗೆಂದು ಕರೆಸಿದುದು ಜಮ್‌ಶೇಟ್‌ಜಿಯವರು ನ್ಯೂಯಾರ್ಕಿನಲ್ಲಿ ಕಂಡು ಒಪ್ಪಿಸಿದ್ದ ಅದೇ ಪೆರಿನ್ನರನ್ನು. ಅದಿರು ಇತ್ತು, ಭದ್ರೆಯ ನೀರು ಇತ್ತು, ಕಲ್ಲಿದ್ದಲು ಮಾತ್ರ ಆ ನಾಡಿನಲ್ಲಿಲ್ಲ. ಸುತ್ತಲಿನ ಮಲೆನಾಡಿನ ಮರವನ್ನು ಸುಟ್ಟು ಇದ್ದಿಲು ಮಾಡಿ, 1923ರ ಜನವರಿಯಲ್ಲಿ ಅಲ್ಲಿನ ಕುಲುಮೆಯನ್ನು ಹೊತ್ತಿಸಿದರು.